ಮಾಥೇರಾನ್: ಗಾಡಿ ಓಡದ ಊರಿನಲ್ಲಿ ಎರಡು ರಾತ್ರಿ

ಬದ್ಲಾಪುರ ದಾಟಿ ವಾಂಗಣಿ ಹತ್ತಿರವಾಗುತ್ತಿದ್ದಂತೆ ಕರ್ಜತ್ ಲೋಕಲಿನ ಬಲಗಡೆಯ ಕಿಟಕಿಯಲ್ಲಿ ಉದ್ದನೆಯ ಬೆಟ್ಟವೊಂದು ಕಾಣಿಸುತ್ತದೆ. ಅದರ ನೆತ್ತಿ ಚೂಪಾಗಿಲ್ಲ, ಮೇಜಿನ ಹಾಗೆ ಸಪಾಟು. ಪನ್ವೇಲ್ ಕಡೆಯ ನವಿಮುಂಬಯಿಯವರಿಗೆ ಇದೇ ಬೆಟ್ಟದ ಬೆನ್ನು ಕಾಣುತ್ತದೆ. ಅದೇ ಮಾಥೇರಾನ್. ಥಾಣೆ, ಡೊಂಬಿವಲಿ, ಕಲ್ಯಾಣ್ ಭಾಗದ ನಮ್ಮಲ್ಲಿ ಹೆಚ್ಚಿನವರು ಒಮ್ಮೆಯಾದರೂ ಅಲ್ಲಿಗೆ ಹೋಗಿ ಬಂದವರೇ. ಶಾಲೆಯ ಪ್ರವಾಸವೋ ಸಂಘದ ವಿಹಾರವೋ, ಬೆಳಿಗ್ಗೆ ಹೋಗಿ ನಾಲ್ಕು ಪಾಯಿಂಟ್ ನೋಡಿ, ಚಿಕ್ಕಿ ಕಟ್ಟಿಸಿಕೊಂಡು ರಾತ್ರಿ ಊಟಕ್ಕೆ ಮನೆ ಸೇರುವುದು ರೂಢಿ. ಇಷ್ಟು ಹತ್ತಿರದ ಊರಿಗೆ ಉಳಿಯಲೆಂದು ಯಾರು ಹೋಗುತ್ತಾರೆ?

2025ರ ಜನವರಿಯಲ್ಲಿ ನಾವು ಹೋದೆವು. ನಾನು, ನಮ್ಮವರು ಮತ್ತು ನನ್ನ ಅವ್ವ. ಎರಡು ರಾತ್ರಿ ಒಂದು ಪುಟ್ಟ ಹೋಟೆಲಿನಲ್ಲಿ ಉಳಿದೆವು. ಆ ಊರು, ಆ ಹೋಟೆಲು, ಅಲ್ಲಿ ಅವ್ವನಿಗೆ ಎದುರಾದ ಒಂದು ಪ್ರಶ್ನೆ, ಇವುಗಳ ಬಗ್ಗೆ ಬರೆಯಬೇಕೆನಿಸಿ ಈ ಲೇಖನ.

ಥಾಣೆಯ ಕಲೆಕ್ಟರ್ ಕಂಡ ಬೆಟ್ಟ

ಮಾಥೇರಾನ್ ಎಂದರೆ ನೆತ್ತಿಯ ಮೇಲಿನ ಕಾಡು. ಮರಾಠಿಯ 'ಮಾಥಾ' ಮತ್ತು 'ರಾನ್' ಸೇರಿ ಆದ ಹೆಸರು. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರ. ಇಂದು ರಾಯಗಡ ಜಿಲ್ಲೆಯ ಕರ್ಜತ್ ತಾಲೂಕಿಗೆ ಸೇರಿದ್ದರೂ ಹಿಂದೆ ಈ ಬೆಟ್ಟ ಥಾಣೆ ಜಿಲ್ಲೆಯದೇ ಆಗಿತ್ತು. 1850ರ ಮೇ ತಿಂಗಳಲ್ಲಿ ಥಾಣೆಯ ಕಲೆಕ್ಟರ್ ಹ್ಯೂ ಪಾಯಿಂಟ್ಸ್ ಮ್ಯಾಲೆಟ್ ಎಂಬವರು ಕೆಳಗಿನ ಚೌಕ್ ಗ್ರಾಮದ ಕಡೆಯಿಂದ ಬೆಟ್ಟ ಹತ್ತಿದರು. ಮೇ ತಿಂಗಳಲ್ಲೂ ಮೇಲೆ ತಂಪು. ಮುಂಬಯಿಯ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ಅಲ್ಲಿ ಗಿರಿಧಾಮಕ್ಕೆ ಅಡಿಪಾಯ ಹಾಕಿಸಿದರು. ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳ ಹಿಂದೆಯೇ ಮುಂಬಯಿಯ ಪಾರ್ಸಿ, ಬೋಹ್ರಾ, ಗುಜರಾತಿ ವ್ಯಾಪಾರಿಗಳ ಬಂಗಲೆಗಳೂ ಎದ್ದವು. ಲೂಯಿಸಾ, ಅಲೆಕ್ಸಾಂಡರ್, ಪನೋರಮಾ ಎಂದು ಅನೇಕ ಅಂಚುಗಳಿಗೆ ಇಂಗ್ಲಿಷ್ ಹೆಸರು ಬಿತ್ತು. ಕಾಡಿನಲ್ಲಿ ಮೊದಲಿಂದ ಇದ್ದ ಧನಗರರಿಗೂ ಠಾಕೂರ್, ಕಾತಕರಿ ಆದಿವಾಸಿಗಳಿಗೂ ಆ ಜಾಗಗಳಿಗೆ ತಮ್ಮವೇ ಹೆಸರುಗಳಿದ್ದಿರಬೇಕು.

ಮೇಲೆ ಹೋಗಲು ಆಗ ಕುದುರೆ ಇಲ್ಲವೇ ಪಾಲಕಿ. ರೈಲು ತಂದವರು ಸರಕಾರದವರಲ್ಲ. ಸರ್ ಆದಮ್‌ಜಿ ಪೀರ್‌ಭಾಯ್ ಎಂಬ ಬೋಹ್ರಾ ಉದ್ಯಮಿಯ ಹಣದಿಂದ ಅವರ ಮಗ ಅಬ್ದುಲ್ ಹುಸೇನ್ 1904ರಿಂದ 1907ರ ನಡುವೆ ನೇರಳ್‌ನಿಂದ ಮೇಲಕ್ಕೆ ಎರಡಡಿ ಅಗಲದ ಹಳಿ ಹಾಕಿಸಿದರು. ಖರ್ಚು ಆ ಕಾಲದ 16 ಲಕ್ಷ ರೂಪಾಯಿ. ಸುಮಾರು 20 ಕಿಲೋಮೀಟರ್ ಹಾದಿ, ಕೆಲವೆಡೆ ಇಪ್ಪತ್ತು ಅಡಿ ಸಾಗಿದರೆ ಒಂದಡಿ ಏರುವಷ್ಟು ಚಡಾವು, ಹೆಜ್ಜೆ ಹೆಜ್ಜೆಗೂ ತಿರುವು. ಆ ತಿರುವುಗಳಲ್ಲಿ ಗಾಲಿಗಳು ತಾವೇ ಬಾಗಿಕೊಳ್ಳುವಂಥ ಉಗಿ ಎಂಜಿನ್ನುಗಳನ್ನು ಜರ್ಮನಿಯಿಂದ ತರಿಸಿದ್ದರು. 2005ರ ಜುಲೈ 26ರ ಮಳೆಯನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಆ ಮಳೆಗೆ ಈ ಹಳಿಯೂ ಕೊಚ್ಚಿಹೋಗಿ 2007ರಲ್ಲಿ ಮತ್ತೆ ಶುರುವಾಯಿತು. 2019ರ ಮಳೆಗಾಲದಲ್ಲಿ ಮತ್ತೆ ಕೆಟ್ಟು, ನೇರಳ್‌ನಿಂದ ಪೂರ್ತಿ ಓಡಾಟ ಶುರುವಾದದ್ದು 2022ರ ಅಕ್ಟೋಬರಿನಲ್ಲಿ.

ಈ ಊರಿನ ಇನ್ನೊಂದು ಹೆಸರನ್ನು ಹೇಳದಿದ್ದರೆ ತಪ್ಪಾಗುತ್ತದೆ. ಭಾಯಿ ಕೋತ್ವಾಲ್. 1912ರಲ್ಲಿ ಮಾಥೇರಾನಿನ ಒಂದು ಬಡ ಕ್ಷೌರಿಕರ ಮನೆಯಲ್ಲಿ ಹುಟ್ಟಿ, ಕಾನೂನು ಓದಿ, ಊರಿನ ನಗರಪಾಲಿಕೆಯ ಉಪಾಧ್ಯಕ್ಷರಾದವರು. 1942ರ ಚಳವಳಿಯಲ್ಲಿ 'ಆಜಾದ್ ದಸ್ತಾ' ಕಟ್ಟಿಕೊಂಡು ಮುಂಬಯಿಗೆ ವಿದ್ಯುತ್ ಒಯ್ಯುವ ಕಂಬಗಳನ್ನು ಉರುಳಿಸಿದರು. 1943ರ ಜನವರಿ 2ರಂದು ಮುರ್ಬಾಡ್ ತಾಲೂಕಿನ ಸಿದ್ಧಗಡದ ಕಾಡಿನಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು, ಜೊತೆಯಲ್ಲಿ ಹಿರಾಜಿ ಪಾಟೀಲ್. ಸಾಹೇಬರ ಬಂಗಲೆಗಳ ಈ ಊರಿನಲ್ಲಿ ಅವರ ಸೇವೆಗೆ ನಿಂತವರ ಮನೆಗಳಿಂದಲೇ ಇಂಥವರೊಬ್ಬರು ಎದ್ದುಬಂದರು ಎಂಬುದು ಪಾಯಿಂಟುಗಳ ಪಟ್ಟಿಯಲ್ಲಿ ಸಿಗುವುದಿಲ್ಲ.

ಅವ್ವನ ಹಟ

ನನ್ನ ಅಪ್ಪ ಗದಗಿನ ಕಡೆಯವರು. ಕಲ್ಯಾಣ್‌ನ ರೈಲ್ವೆ ಶೆಡ್‌ನಲ್ಲಿ ಕೆಲಸ. ಎಂಜಿನ್ನುಗಳ ನಡುವೆಯೇ ಬದುಕು ಕಳೆದ ಮನುಷ್ಯನಿಗೆ ನೇರಳ್‌ನ ಪುಟ್ಟ ರೈಲಿನ ಮೇಲೆ ಬಲು ಪ್ರೀತಿ. "ಒಂದಿನಾ ಕರಕೊಂಡ ಹೋಗತೀನಿ" ಎಂದು ಅವ್ವನಿಗೆ ಹೇಳುತ್ತಲೇ ಇದ್ದರು. ಓವರ್‌ಟೈಮು, ಮಕ್ಕಳ ಪರೀಕ್ಷೆ, ಊರಿನ ಮದುವೆ, ಹೀಗೆ ಆ ದಿನ ಬರಲೇ ಇಲ್ಲ. ಅಪ್ಪ ಹೋಗಿ ಆರು ವರ್ಷವಾಯಿತು. ಅವ್ವನಿಗೆ ಈಗ ಎಪ್ಪತ್ತೊಂಬತ್ತು, ಎರಡೂ ಮೊಣಕಾಲು ಸವೆದಿವೆ. ಡೊಂಬಿವಲಿ ಪೂರ್ವದ ನಮ್ಮ ಕಟ್ಟಡ ಹಳೆಯದು, ಲಿಫ್ಟ್ ಇಲ್ಲ, ನಮ್ಮದು ಎರಡನೇ ಮಹಡಿ. ಡಾಕ್ಟರರ ಬಳಿ ಹೋಗುವಾಗ ಬಿಟ್ಟರೆ ಅವ್ವ ಕೆಳಗೆ ಇಳಿಯುವುದೇ ಅಪರೂಪವಾಗಿತ್ತು. ಒಂದು ದಿನ ತಾನಾಗಿಯೇ, "ಆ ಸಣ್ಣ ರೈಲು ತೋರಸ್ರಿ, ಮುಂದ ಕಾಲು ಹೆಂಗಿರತಾವೋ" ಎಂದಳು. ಇಲ್ಲವೆನ್ನಲು ನಮಗೆ ಮನಸ್ಸಾಗಲಿಲ್ಲ.

ವಾರದ ನಡುವೆ ಹೊರಟೆವು. ಶನಿವಾರ, ಭಾನುವಾರ ಹೋದರೆ ಬಾಡಿಗೆಯೂ ಜಾಸ್ತಿ, ಜನವೂ ಜಾಸ್ತಿ. ಡೊಂಬಿವಲಿಯಿಂದ ಕರ್ಜತ್ ಲೋಕಲಿನಲ್ಲಿ ನೇರಳ್‌ಗೆ ಒಂದು ಗಂಟೆಯೊಳಗಿನ ದಾರಿ. ನೇರಳ್‌ನಿಂದಲೇ ಪುಟ್ಟ ರೈಲು ಹತ್ತಿದರೆ ಮೇಲೆ ಮುಟ್ಟಲು ಎರಡೂವರೆ ಗಂಟೆಯಾದರೂ ಬೇಕು, ಅಷ್ಟು ಹೊತ್ತು ಗಟ್ಟಿ ಬೆಂಚಿನ ಮೇಲೆ ಕಾಲು ಮಡಚಿ ಕೂರುವುದು ಅವ್ವನಿಗಾಗದು. ಆದ್ದರಿಂದ ಹಂಚಿಕೆಯ ಟ್ಯಾಕ್ಸಿಯಲ್ಲಿ ಘಾಟಿ ಹತ್ತಿ ದಸ್ತೂರಿ ನಾಕಾಕ್ಕೆ ಬಂದೆವು. ಕಾರು, ಬೈಕು, ಟ್ಯಾಕ್ಸಿ ಎಲ್ಲಕ್ಕೂ ಅಲ್ಲಿಗೇ ಕೊನೆ. ಪ್ರವೇಶ ತೆರಿಗೆ ಕಟ್ಟಿ ಒಳಗೆ ಹೋಗಬೇಕು. ಸ್ವಲ್ಪ ನಡೆದರೆ ಅಮನ್ ಲಾಡ್ಜ್ ಎಂಬ ಪುಟ್ಟ ಸ್ಟೇಷನ್. ಅಲ್ಲಿಂದ ಮಾಥೇರಾನ್ ಪೇಟೆಯವರೆಗೆ ಶಟಲ್ ರೈಲು ಓಡುತ್ತದೆ, ಇಪ್ಪತ್ತು ನಿಮಿಷವೂ ಇಲ್ಲ.

ಆ ಇಪ್ಪತ್ತು ನಿಮಿಷ ಅವ್ವ ಮಾತಾಡಲಿಲ್ಲ. ಮರದ ಕೊಂಬೆ ಕಿಟಕಿಗೆ ತಾಗುವಷ್ಟು ಹತ್ತಿರ, ಕೆಂಪು ಮಣ್ಣು, ಹಳಿಯ ಪಕ್ಕದಲ್ಲೇ ನಡೆದು ಹೋಗುವ ಜನ. ರೈಲು ನಿಂತಾಗ, "ಇಷ್ಟs?" ಎಂದಳು. ಆಮೇಲೆ, "ನಿಮ್ಮಪ್ಪ ಇದ್ದಿದ್ರ ಎಂಜಿನ್ ಹತ್ರ ಹೋಗಿ ಡ್ರೈವರಗ ಮಾತಾಡಸ್ತಿದ್ರು" ಎಂದು ತಾನೇ ಎಂಜಿನ್ನಿನ ತನಕ ನಡೆದು ನೋಡಿ ಬಂದಳು.

ಕೈಗಾಡಿಯ ಮುಂದೆ

ನಮ್ಮ ಹೋಟೆಲು ಸ್ಟೇಷನ್ನಿನಿಂದ ಸುಮಾರು ಒಂದು ಕಿಲೋಮೀಟರ್ ಒಳಗಿತ್ತು. ಡೊಂಬಿವಲಿಯಲ್ಲಾದರೆ ರಿಕ್ಷಾ ಕರೆಯುತ್ತೇವೆ. ಇಲ್ಲಿ ಆಂಬುಲೆನ್ಸ್‌ನಂಥ ತುರ್ತಿನ ಗಾಡಿ ಬಿಟ್ಟರೆ ಮೋಟಾರು ವಾಹನ ನಿಷಿದ್ಧ. ಬ್ಯಾಟರಿಯ ಇ-ರಿಕ್ಷಾ ಆಗ ಕೆಲವೇ ಇದ್ದವು, ಶಾಲೆಯ ಮಕ್ಕಳನ್ನೂ ಅವೇ ಸಾಗಿಸಬೇಕಿತ್ತು. ಉಳಿದದ್ದು ಕುದುರೆ ಮತ್ತು ಕೈಗಾಡಿ. ಕೈಗಾಡಿ ಎಂದರೆ ಎರಡು ದೊಡ್ಡ ಗಾಲಿಯ ಕುರ್ಚಿಯಂಥ ರಿಕ್ಷಾ, ಮುಂದೆ ಒಬ್ಬ ಎಳೆಯುತ್ತಾನೆ, ಏರಿನಲ್ಲಿ ಹಿಂದಿನಿಂದ ಇನ್ನೊಬ್ಬ ತಳ್ಳುತ್ತಾನೆ.

ಅವ್ವ ಗಾಡಿ ನೋಡಿದಳು, ಎಳೆಯುವವನನ್ನು ನೋಡಿದಳು. ಐವತ್ತರ ಆಸುಪಾಸಿನ, ಬಡಕಲು ದೇಹದ ಮನುಷ್ಯ. "ಮನಷ್ಯಾ ಎಳಿಯೋ ಗಾಡ್ಯಾಗ ನಾ ಕೂಡಂಗಿಲ್ಲ" ಎಂದಳು.

ನಮ್ಮವರು ಎಷ್ಟು ತಿಳಿಹೇಳಿದರೂ ಕೇಳಲಿಲ್ಲ. "ನನ್ನ ಹೊರೂ ದಿನಾ ಬಂದಾಗ ನಾಕು ಮಂದಿ ಹೊರತಾರ. ಅಲ್ಲೀತನಕ ನಡೀತೀನಿ" ಎಂದುಬಿಟ್ಟಳು.

ಎಳೆಯುವವನಿಗೆ ಕನ್ನಡ ಬಾರದಿದ್ದರೂ ವಿಷಯ ಗೊತ್ತಾಯಿತು. ಇಂಥವರನ್ನು ಅವನು ಬೇಕಾದಷ್ಟು ನೋಡಿರಬೇಕು. "ಆಯಿ, ನೀವು ಕೂರದಿದ್ದರೆ ನನಗೆ ಇವತ್ತಿನ ಬೋಣಿ ಇಲ್ಲ" ಎಂದು ಮರಾಠಿಯಲ್ಲಿ ಹೇಳಿ ನಕ್ಕ. ಅವ್ವನಿಗೆ ನಲವತ್ತೈದು ವರ್ಷದ ಮರಾಠಿಯಿದೆ. ಒಂದು ಗಳಿಗೆ ಸುಮ್ಮನಿದ್ದು, ನಮ್ಮ ಮೂರೂ ಚೀಲಗಳನ್ನು ಗಾಡಿಯ ಸೀಟಿನ ಮೇಲೆ ಇಡಿಸಿದಳು. ತಾನು ಗಾಡಿಯ ಅಂಚನ್ನು ಹಿಡಿದು ನಡೆಯತೊಡಗಿದಳು. ಪೂರ್ತಿ ಬಾಡಿಗೆ ಕೊಡಬೇಕೆಂದು ನಮಗೆ ಕನ್ನಡದಲ್ಲಿ ಅಪ್ಪಣೆಯಾಯಿತು. ಒಂದು ಕಿಲೋಮೀಟರಿಗೆ ಒಂದು ಗಂಟೆಯ ಮೇಲಾಯಿತು. ಅವ್ವ ನಿಂತಲ್ಲೆಲ್ಲ ಗಾಡಿಯೂ ನಿಂತಿತು. ಅಷ್ಟರಲ್ಲಿ ಅವನಿಗೆ ಮೂರು ಮಕ್ಕಳು, ಮೊದಲನೆಯವಳು ಕರ್ಜತ್‌ನಲ್ಲಿ ಕಾಲೇಜು ಓದುತ್ತಾಳೆ, ಮಳೆಗಾಲದಲ್ಲಿ ದುಡಿಮೆ ಇಲ್ಲ ಎಂಬುದೆಲ್ಲ ಅವ್ವನಿಗೆ ಗೊತ್ತಾಗಿತ್ತು.

ಹಂಚಿನ ಕೆಳಗೆ

ಹೋಟೆಲು ಹಳೆಯ ಬಂಗಲೆ. ಸುತ್ತ ಮರ, ಮುಂದೆ ಉದ್ದನೆಯ ಪಡಸಾಲೆ, ಬೆತ್ತದ ಕುರ್ಚಿಗಳು, ಎಂಟೋ ಹತ್ತೋ ಕೋಣೆ. ಟೀವಿ ಇತ್ತು, ಹಾಕುವವರಿರಲಿಲ್ಲ. ಕಿಟಕಿಗೆಲ್ಲ ಜಾಲರಿ, ಏಕೆಂದರೆ ಮಂಗಗಳು. ಬಾಗಿಲು ತೆರೆದಿಟ್ಟರೆ ಬಿಸ್ಕತ್ತಿನ ಪೊಟ್ಟಣ ನಮ್ಮದಲ್ಲ. ನಮ್ಮವರು ಹಿತ್ತಲಲ್ಲಿ ರಾಶಿ ಹಾಕಿದ್ದ ಹಳೆಯ ಹಂಚೊಂದನ್ನು ತಿರುಗಿಸಿ ನೋಡಿದರೆ ಬೆನ್ನಿನ ಮೇಲೆ ಮಂಗಳೂರಿನ ಮುದ್ರೆ! ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಕೆಂಪು ಹಂಚು ಹಡಗು ಹತ್ತಿ ಮುಂಬಯಿಗೆ ಬಂತು, ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ನಮ್ಮವರು ಉಡುಪಿ ಹೋಟೆಲು ತೆರೆಯಲು ಬರುವ ಎಷ್ಟೋ ಮೊದಲು ನಮ್ಮ ಹಂಚು ಇಲ್ಲಿ ನೆರಳು ಕೊಡುತ್ತಿತ್ತು.

ಹಂಚಿನಷ್ಟೇ ಅನಿರೀಕ್ಷಿತವಾಗಿ ಮನುಷ್ಯನೂ ಸಿಕ್ಕಿದ. ಊಟದ ಕೋಣೆಯಲ್ಲಿ ಅವ್ವ ನನಗೆ ಏನೋ ಹೇಳುತ್ತಿದ್ದಾಗ ಅಡುಗೆಮನೆಯಿಂದ ಒಬ್ಬರು ಕೈ ಒರೆಸಿಕೊಳ್ಳುತ್ತ ಬಂದು, "ಅಮ್ಮನಿಗೆ ಯಾವ ಊರಾಯ್ತು?" ಎಂದರು. ಬೈಂದೂರಿನವರು. ಹದಿಮೂರನೇ ವಯಸ್ಸಿಗೆ ಕಲ್ಯಾಣ್‌ನ ಹೋಟೆಲೊಂದರಲ್ಲಿ ಲೋಟ ತೊಳೆಯಲು ಸೇರಿ, ರಾತ್ರಿ ಶಾಲೆ ಅರ್ಧಕ್ಕೆ ಬಿಟ್ಟು, ಹತ್ತು ಕಡೆ ಕೆಲಸ ಮಾಡಿ ಇಲ್ಲಿ ಅಡುಗೆಯ ಮುಖ್ಯಸ್ಥರಾಗಿದ್ದಾರೆ. ಕೋಣೆಯ ಬಾಡಿಗೆಯಲ್ಲೇ ಊಟ ಸೇರಿರುತ್ತದೆ, ಹೆಚ್ಚಾಗಿ ಗುಜರಾತಿ ಥಾಳಿ. ಸಿಹಿ ಬೇಳೆ ಅವ್ವನಿಗೆ ಸೇರದು ಎಂದು ತಿಳಿದು ರಾತ್ರಿ ಅವರು ಗಂಜಿ ಬೇಯಿಸಿ, ಮಿಡಿ ಉಪ್ಪಿನಕಾಯಿಯೊಂದಿಗೆ ಕಳಿಸಿದರು. ಮರುದಿನ ಜೋಳದ ಭಾಕ್ರಿ, ಬೆಳ್ಳುಳ್ಳಿ ಚಟ್ನಿ. ಧಾರವಾಡದ ಕನ್ನಡಕ್ಕೂ ಕುಂದಾಪುರದ ಕನ್ನಡಕ್ಕೂ ನಡುವೆ ಆಗಾಗ ನಾನು ದುಭಾಷಿಯಾಗಬೇಕಾಯಿತು.

ಗಾಡಿಯಿಲ್ಲದ ಊರಿನ ಲೆಕ್ಕಾಚಾರವನ್ನು ನಮಗೆ ಬಿಡಿಸಿ ಹೇಳಿದವರು ಅವರೇ. ಅಕ್ಕಿಯ ಚೀಲ, ಗ್ಯಾಸ್ ಸಿಲಿಂಡರು, ಹಾಲು, ಆಲೂಗಡ್ಡೆ ಎಲ್ಲವೂ ದಸ್ತೂರಿಯಲ್ಲಿ ಇಳಿದು, ಕುದುರೆಯ ಬೆನ್ನಿನ ಮೇಲೋ ಕೈಗಾಡಿಯಲ್ಲೋ ಮನುಷ್ಯನ ತಲೆಯ ಮೇಲೋ ಮೂರು ಕಿಲೋಮೀಟರ್ ಬರಬೇಕು. "ಚಾಕ್ಕೆ ಅಷ್ಟು ರೇಟು ಯಾಕೆ ಅಂತ ಜನ ಜಗಳ ಮಾಡ್ತಾರೆ ಅಕ್ಕ. ಆ ಚಾದಲ್ಲಿ ಒಬ್ಬನ ಕೂಲಿ ಉಂಟು" ಎಂದರು. ನೀರೂ ಹಾಗೆಯೇ. ಷಾರ್ಲೆಟ್ ಕೆರೆಯೊಂದರಿಂದ ಊರಿಗೆ ಸಾಲದು. ಕೆಳಗೆ ನೇರಳ್ ಹತ್ತಿರ ಉಲ್ಹಾಸ್ ನದಿಯ ನೀರನ್ನು ಪಂಪು ಮಾಡಿ ಬೆಟ್ಟಕ್ಕೆ ಏರಿಸುತ್ತಾರೆ. ಅದೇ ಉಲ್ಹಾಸ್ ಬದ್ಲಾಪುರ ದಾಟಿ ಕೆಳಗೆ ಹರಿದು ಬಂದು ಕಲ್ಯಾಣ್, ಡೊಂಬಿವಲಿಯ ನಲ್ಲಿಗಳಲ್ಲಿ ಬರುತ್ತದೆ. ಬಕೆಟ್ ತುಂಬಿ ಹರಿಯಬಿಡುವ ಮುಂಚೆ ಇದು ನೆನಪಾದರೆ ಒಳ್ಳೆಯದು.

ರಾತ್ರಿ ಎಂಟರ ನಂತರ ಅಲ್ಲಿ ಏನು ಕೇಳಿಸುತ್ತದೆ ಎಂದರೆ, ಏನೂ ಇಲ್ಲ. ಹಾರ್ನ್ ಇಲ್ಲ, ಮೋಟಾರ್ ಸೈಕಲ್ಲಿನ ಗುಡುಗಿಲ್ಲ. ಕಿಟಕಿಯ ಕೆಳಗೇ ಲೋಕಲಿನ ಅನೌನ್ಸ್‌ಮೆಂಟ್ ಕೇಳಿ ಮಲಗುವ ನಮಗೆ ಮೊದಲ ರಾತ್ರಿ ನಿದ್ದೆ ಬರಲು ತಡವಾಯಿತು. ದಿನದ ಮಟ್ಟಿಗೆ ಹೋಗಿಬರುವವರಿಗೆ ಸಿಗದ ಮಾಥೇರಾನ್ ಇದು. ಕೊನೆಯ ಪ್ರವಾಸಿಗಳು ಇಳಿದ ಮೇಲೆ ಅಂಗಡಿಯವರು ಜಗಲಿಯಲ್ಲಿ ಕೂತು ಹರಟುತ್ತಾರೆ, ಕುದುರೆಗಳು ಬೆನ್ನ ಮೇಲೆ ಯಾರೂ ಇಲ್ಲದೆ ತಮ್ಮ ಪಾಡಿಗೆ ಮನೆಗೆ ಹೋಗುತ್ತವೆ.

ಅಂಚಿನಿಂದ ಕಾಣುವುದು

ಎರಡನೇ ದಿನ ಪಡುವಣ ಅಂಚಿಗೆ ಹೋಗುವುದೆಂದಾಯಿತು. ಅಲ್ಲಿಂದ ಪ್ರಬಲಗಡ ಎದುರಿಗೇ ಕಾಣುತ್ತದೆ, ಅದರಾಚೆ ಪನ್ವೇಲ್ ಕಡೆಯ ಬಯಲು. ದಕ್ಷಿಣದ ಅಂಚುಗಳಿಂದ ಮೊರ್ಬೆ ಅಣೆಕಟ್ಟಿನ ನೀರು ಹೊಳೆಯುತ್ತದೆ, ನವಿಮುಂಬಯಿ ಕುಡಿಯುವುದು ಅದನ್ನೇ. ಆ ನೀರಿನ ಬಳಿಯಲ್ಲೇ ಇರ್ಶಾಲ್‌ಗಡ. 2023ರ ಜುಲೈ 19ರ ರಾತ್ರಿ ಅದರ ತಪ್ಪಲಿನ ಇರ್ಶಾಲ್‌ವಾಡಿ ಎಂಬ ಆದಿವಾಸಿ ವಾಡಿಯ ಮೇಲೆ ಗುಡ್ಡ ಕುಸಿದು ಬಿತ್ತು. 27 ಶವಗಳು ಸಿಕ್ಕವು. ಐವತ್ತಕ್ಕೂ ಹೆಚ್ಚು ಜನ ಮಣ್ಣಿನಡಿಯಲ್ಲೇ ಉಳಿದರು. ವಾಡಿಗೆ ಗಾಡಿ ಹೋಗುವ ದಾರಿಯಿಲ್ಲದೆ ರಕ್ಷಣೆಯವರು ಮಳೆಯಲ್ಲಿ ನಡೆದೇ ಹತ್ತಬೇಕಾಯಿತು.

ಈ ಬೆಟ್ಟಗಳ ನೆತ್ತಿ ಜಂಬಿಟ್ಟಿಗೆ ಕಲ್ಲಿನದು. ಮರದ ಬೇರು ಹಿಡಿದಿರುವ ತನಕ ಗಟ್ಟಿ, ಬೇರು ಹೋದರೆ ಮಳೆಗೆ ಕರಗುವ ಕೆಂಪು ಮಣ್ಣು. ಕೇಂದ್ರ ಸರಕಾರ 2003ರಲ್ಲಿ ಮಾಥೇರಾನ್ ಮತ್ತು ಸುತ್ತಲಿನ ಸುಮಾರು 215 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಮೋಟಾರು ನಿಷೇಧ ಬರೀ ಹಳೆಯ ಕಾಲದ ಶೋಕಿಯಾಗಿ ಉಳಿಯದೆ ಕಾನೂನಿನ ಬಲ ಪಡೆದದ್ದು ಹೀಗೆ.

ಅಂಚಿನ ತನಕ ಹೋಗುವಾಗ ಅವ್ವ ಕೋಲೂರಿ, ಇನ್ನೂರು ಹೆಜ್ಜೆಗೊಮ್ಮೆ ಕೂತು ನಡೆದಳು. ನಿನ್ನೆಯ ಮನುಷ್ಯನೇ ಖಾಲಿ ಗಾಡಿಯೊಂದಿಗೆ, ಜೊತೆಗೆ ಒಬ್ಬ ಹುಡುಗನನ್ನು ಕರೆದುಕೊಂಡು ಹಿಂದೆ ಬಂದ. ನಾವು ಕರೆದಿರಲಿಲ್ಲ, ಬೇಡವೆನ್ನಲೂ ಇಲ್ಲ. ವಾಪಸು ಬರುವಾಗ ಏರು. ಅರ್ಧ ದಾರಿಗೆ ಅವ್ವನ ಎಡಗಾಲು ಮಡಚಲೇ ಒಪ್ಪಲಿಲ್ಲ. ಒಂದು ಕಲ್ಲಿನ ಮೇಲೆ ಕೂತು ಅವನನ್ನು ಕೇಳಿದಳು. "ತಮ್ಮಾ, ನಿಮ್ಮವ್ವನ್ನ ಇದರಾಗ ಕೂಡಿಸಿ ಎಳದೀಯೇನು?"

"ಎಳೆದಿದ್ದೇನೆ ಆಯಿ. ಕಣ್ಣಿನ ಆಪರೇಷನ್‌ಗೆ ಹೋಗುವಾಗ ದಸ್ತೂರಿಯ ತನಕ. ಹೆಂಡತಿಯನ್ನು ಹೆರಿಗೆಗೂ ಇದರಲ್ಲೇ ಇಳಿಸಿದ್ದು. ಇದು ಬಿಟ್ಟರೆ ಆಗ ಬೇರೆ ಏನಿತ್ತು?"

ಅವ್ವ ಗಾಡಿ ಹತ್ತಿ ಕೂತಳು. ಮುಂದೆ ಅವನು, ಹಿಂದೆ ಹುಡುಗ ಮತ್ತು ನಮ್ಮವರು. ಹೋಟೆಲು ಮುಟ್ಟುವ ತನಕ ಕಣ್ಣು ಮುಚ್ಚಿಕೊಂಡೇ ಇದ್ದಳು. ರಾತ್ರಿ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಹೇಳಿದಳು: "ಕೂಡಲಿಲ್ಲಂದ್ರ ಅವನ ಹೊಟ್ಟೀ ಮ್ಯಾಲೆ ಹೊಡದಂಗ. ಕೂತ್ರ ಅವನ ಎದೀ ಮ್ಯಾಲೆ ಕೂತಂಗ. ಏನ ಮಾಡಬೇಕು ಹೇಳ್ರಿ?" ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ. ಬೈಂದೂರಿನವರು, "ಅದಕ್ಕೇ ಅಮ್ಮ, ಬ್ಯಾಟರಿ ಗಾಡಿ ಬರ್ಲಿ, ಆದ್ರೆ ಅವ್ರ ಕೈಗೇ ಬರ್ಲಿ" ಎಂದರು.

ನ್ಯಾಯಾಲಯ ಹೇಳಿದ್ದು

ಏಳು ತಿಂಗಳ ನಂತರ, 2025ರ ಆಗಸ್ಟ್ 6ರಂದು ಸುಪ್ರೀಂ ಕೋರ್ಟ್ ಇದೇ ಮಾತನ್ನು ಕಾನೂನಿನ ಭಾಷೆಯಲ್ಲಿ ಹೇಳಿತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದ ಬಿ. ಆರ್. ಗವಾಯಿ ಅವರಿದ್ದ ಪೀಠ, ಮನುಷ್ಯ ಮನುಷ್ಯನನ್ನು ಎಳೆಯುವ ಪದ್ಧತಿ ಅಮಾನವೀಯ, ಆರು ತಿಂಗಳೊಳಗೆ ಅದು ನಿಲ್ಲಬೇಕು ಎಂದಿತು. 1980ರಲ್ಲಿ ಅಮೃತಸರದ ಆಜಾದ್ ರಿಕ್ಷಾ ಚಾಲಕರ ಸಂಘದ ಪ್ರಕರಣದಲ್ಲಿ ಇದೇ ನ್ಯಾಯಾಲಯ ಹೇಳಿದ್ದನ್ನು ನೆನಪಿಸಿ, 45 ವರ್ಷವಾದರೂ ಇದು ನಡೆದೇ ಇದೆಯಲ್ಲ ಎಂದು ವ್ಯಥೆಪಟ್ಟಿತು. ಜೊತೆಗೆ ಇ-ರಿಕ್ಷಾಗಳು ನಿಜವಾಗಿ ಕೈಗಾಡಿ ಎಳೆಯುತ್ತಿದ್ದವರಿಗೇ ಸಿಗಬೇಕು, ಯಾರು ನಿಜವಾದವರೆಂದು ಕಲೆಕ್ಟರರ ಸಮಿತಿ ಗುರುತಿಸಬೇಕು, ಹಣವಿಲ್ಲ ಎಂಬ ನೆಪ ಹೇಳಬಾರದು, ಗುಜರಾತಿನ ಕೇವಡಿಯಾದಲ್ಲಿ ಇ-ರಿಕ್ಷಾಗಳನ್ನು ಬಾಡಿಗೆಗೆ ಕೊಡುವಂಥ ಯೋಜನೆಯನ್ನು ನೋಡಬೇಕು ಎಂದೂ ಸೂಚಿಸಿತು. ದಸ್ತೂರಿಯಿಂದ ಪೇಟೆಯ ಶಿವಾಜಿ ಪ್ರತಿಮೆಯವರೆಗಿನ ಮುಖ್ಯ ದಾರಿಗೆ ಇಟ್ಟಿಗೆಯಂಥ ಪೇವರ್ ಬ್ಲಾಕ್ ಹಾಸಲು ಒಪ್ಪಿತು, ಒಳದಾರಿಗಳು ಮಣ್ಣಿನವೇ ಇರಲಿ ಎಂದಿತು.

ಆಗ ಪರವಾನಗಿ ಇದ್ದ ಕೈಗಾಡಿಗಳು 94. ಕುದುರೆಗಳು ನಾಲ್ಕುನೂರಕ್ಕೂ ಹೆಚ್ಚು. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ನಾಲ್ಕೂವರೆ ಸಾವಿರಕ್ಕಿಂತ ಕಡಿಮೆ. ಇಷ್ಟು ಚಿಕ್ಕ ಊರಿನಲ್ಲಿ ಬ್ಯಾಟರಿ ಗಾಡಿ ಬಂದರೆ ಕುದುರೆಯವರ ಗತಿಯೇನು ಎಂಬ ಭಯ ಸುಳ್ಳಲ್ಲ. ಇಂದು ಇ-ರಿಕ್ಷಾ, ನಾಳೆ ಟೆಂಪೋ ಎಂಬ ಹಸಿರು ಪ್ರೇಮಿಗಳ ಆತಂಕವೂ ಸುಳ್ಳಲ್ಲ.

ಆದರೆ ಗಾಡಿ ಬೇಡವೆಂದರೆ ಮನುಷ್ಯನೇ ಎಳೆಯಬೇಕು ಎಂದೇನೂ ಇಲ್ಲ. ಕೆಲಸದ ಮೇಲೆ ಇಟಲಿಗೆ ಹೋಗಿರುವ ನನ್ನ ನಾದಿನಿಯ ಮಗಳು ಅಲ್ಲಿನ ಬೆಟ್ಟದೂರುಗಳ ಚಿತ್ರ ಕಳಿಸುತ್ತಿರುತ್ತಾಳೆ. ಒರ್ವಿಯೆತೊ ಎಂಬ ಊರಿನಲ್ಲಿ ನಮ್ಮ ನೇರಳ್‌ನ ಹಾಗೆಯೇ ರೈಲು ನಿಲ್ದಾಣ ಕೆಳಗೆ, ಊರು ಬಂಡೆಯ ಮೇಲೆ. 1888ರಲ್ಲೇ ಅಲ್ಲಿ ಹಗ್ಗದಿಂದ ಎಳೆಯುವ ರೈಲು ಬಂತು, ಆಗ ಅದು ನಡೆಯುತ್ತಿದ್ದದ್ದು ನೀರಿನ ಭಾರದ ಬಲದಿಂದ. ಈಗ ಕಾರು ಕೆಳಗೆ ನಿಲ್ಲಿಸಿದವರನ್ನು ಮೇಲೆ ತರಲು ಲಿಫ್ಟು, ಎಸ್ಕಲೇಟರುಗಳೂ ಇವೆ. ಅದೇ ಸೀಮೆಯ ಚಿವಿತಾ ದಿ ಬಾನ್ಯೊರೆಜೊ ಮಣ್ಣು ಕುಸಿದು ಸಾಯುತ್ತಿರುವ ಊರು ಎಂದೇ ಹೆಸರಾದದ್ದು. ಅಲ್ಲಿಗೆ ಕಾಲುಸೇತುವೆಯೊಂದೇ ದಾರಿ. 2013ರಿಂದ ಪ್ರವಾಸಿಗಳಿಗೆ ಪ್ರವೇಶಶುಲ್ಕ. ನಮ್ಮ ಅನೇಕರು ಲಕ್ಷಗಟ್ಟಲೆ ಖರ್ಚು ಮಾಡಿ ಅಂಥ ಊರುಗಳಿಗೆ ಹೋಗಿ, 'ಆಹಾ, ಕಾರೇ ಇಲ್ಲ' ಎಂದು ಮೆಚ್ಚಿ ಬರುತ್ತಾರೆ. ಮಾಥೇರಾನಿನಲ್ಲಿ ಅದೇ ಜನ 'ಅಯ್ಯೋ, ಕಾರು ಬಿಡುವುದಿಲ್ಲವಲ್ಲ' ಎಂದು ಗೊಣಗುವುದನ್ನು ನಾನು ದಸ್ತೂರಿಯಲ್ಲಿ ಕೇಳಿದ್ದೇನೆ.

ಕರ್ನಾಟಕದಲ್ಲೂ ಇಂಥ ಒಂದು ಪಾಠವಿದೆ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶಮಟ್ಟದ ಕಾನೂನು ಬಂದದ್ದು 1993ರಲ್ಲಿ, ಅದು ಸಾಲದೆಂದು ಇನ್ನೊಂದು 2013ರಲ್ಲಿ. ನಿಷೇಧದ ಆದೇಶಕ್ಕೆ ಒಂದು ಸಹಿ ಸಾಕು. ಆ ಕೆಲಸ ಮಾಡುತ್ತಿದ್ದವನ ಕೈಗೆ ಬೇರೆ ದುಡಿಮೆ ಕೊಡುವುದಕ್ಕೆ ಹಿಂದೆ ಬಿದ್ದು ಕೇಳುವ ಜನ ಬೇಕು.

ತೀರ್ಪಿನ ಸುದ್ದಿಯನ್ನು ನಾನು ಅವ್ವನಿಗೆ ಓದಿ ಹೇಳಿದೆ. "ಛಲೋ ಆತು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅವಗ ಹೊಸಾ ಗಾಡಿ ಸಿಕ್ಕತೋ ಇಲ್ಲೋ, ಅಡಗೀಯವರಿಗೆ ಫೋನ್ ಮಾಡಿ ಕೇಳು" ಎಂದಳು. ಕೇಳಿದೆ. ಹೆಸರು ಕೊಟ್ಟಿದ್ದಾನಂತೆ, ಕಾಯುತ್ತಿದ್ದಾನಂತೆ. ಅಂದಿನಿಂದ ಆಗಾಗ ಆ ಫೋನು ಹೋಗುತ್ತಿದೆ, ಈಗ ಅವ್ವನೇ ಮಾತಾಡುತ್ತಾಳೆ.

ಹೋಗುವವರಿಗೆ

ಮನೆಯ ಹಿರಿಯರನ್ನು ಕರೆದೊಯ್ಯುವವರಿಗೆ ನಮ್ಮ ಅನುಭವದ ನಾಲ್ಕು ಮಾತು. ಮಳೆಗಾಲದಲ್ಲಿ ನೇರಳ್‌ನಿಂದ ಅಮನ್ ಲಾಡ್ಜ್ ತನಕದ ರೈಲು ನಿಲ್ಲುತ್ತದೆ, ಮೇಲಿನ ಶಟಲ್ ಮಾತ್ರ ಓಡುತ್ತದೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಅಮನ್ ಲಾಡ್ಜ್‌ನ ಟಿಕೆಟ್ ಕೌಂಟರಿನಲ್ಲಿ ಸರದಿ ಉದ್ದವಿರುತ್ತದೆ, ಒಬ್ಬರು ನಿಂತು ಹಿರಿಯರನ್ನು ಬೆಂಚಿನಲ್ಲಿ ಕೂರಿಸಿ. ಹೋಟೆಲು ಗೊತ್ತುಮಾಡುವಾಗ ಫೋಟೋ ನೋಡುವ ಮೊದಲು ಮೂರು ವಿಷಯ ಕೇಳಿ: ಸ್ಟೇಷನ್ನಿನಿಂದ ಎಷ್ಟು ದೂರ, ದಾರಿ ಏರೋ ಸಮವೋ, ಕೋಣೆ ನೆಲಮಹಡಿಯಲ್ಲಿದೆಯೋ. ಊಟ ಸೇರಿದೆಯೇ, ಕೋಣೆ ಎಷ್ಟು ಗಂಟೆಗೆ ಬಿಡಬೇಕು ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ, ಕೆಲವೆಡೆ ಬೆಳಿಗ್ಗೆ ಬೇಗನೆ ಬಿಡಿಸುತ್ತಾರೆ. ಕೆಂಪು ಧೂಳು ಬಿಳಿ ಬಟ್ಟೆಯಿಂದ ಹೋಗುವುದಿಲ್ಲ. ಮಂಗಗಳಿಗೆ ತಿನಿಸು ಕೊಡಬೇಡಿ, ಪ್ಲಾಸ್ಟಿಕ್ ಬಾಟಲಿ ಕೆಳಗೆ ವಾಪಸು ತನ್ನಿ.

ಪಾಯಿಂಟುಗಳು ಮೂವತ್ತಕ್ಕೂ ಹೆಚ್ಚಿವೆ. ಹಿರಿಯರೊಂದಿಗೆ ಹೋದರೆ ಒಂದು ನೋಡಿ ಬಂದರೂ ಸಾಕು. ಇ-ರಿಕ್ಷಾ ಹತ್ತಿದಾಗ ಚಾಲಕ ಮೊದಲು ಏನು ಮಾಡುತ್ತಿದ್ದ ಎಂದು ಒಮ್ಮೆ ವಿಚಾರಿಸಿ. ಕೈಗಾಡಿ ಎಳೆಯುತ್ತಿದ್ದೆ ಎಂದರೆ, ನಮ್ಮ ಅವ್ವನಿಗೂ ಆ ಸುದ್ದಿ ಬೇಕಾಗಿದೆ.